ಯೋಗಕ್ಷೇಮ ವಿಚಾರಿಸಿದ ಗಿಳಿ

ಕೊಂಬೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮುದಿ ಅಳಿಲು ಆಲದ ಪೊಟರೆಯಲ್ಲಿ ಹಾಸಿಗೆ ಹಿಡಿದಿತ್ತು. ತಿನ್ನಿಸುವುದು, ಮಗ್ಗುಲು ಹೊರಳಿಸುವುದು, ಹೊಲಸಾದ ನಾರು ತೆಗೆದು ಬೇರೆ ಹಾಸುವುದು, ಎಲ್ಲವೂ ಮಗಳು ಅಳಿಲಿನ ಪಾಲಿಗೇ. ತುಸು ಹೊತ್ತು ಆಚೆ ಹೋದರೂ ಅಮ್ಮನಿಗೆ ಇರುವೆ ಮುತ್ತುತ್ತಿದ್ದವು.

ಒಂದು ಮಧ್ಯಾಹ್ನ ಯೋಗಕ್ಷೇಮ ವಿಚಾರಿಸಲು ಗಿಳಿ ಬಂತು.

"ಬೇವಿನ ತೊಗಟೆ ಅರೆದು ಹಚ್ಚಿದೆಯಾ? ನಮ್ಮತ್ತೆಗೆ ಅದರಲ್ಲೇ ವಾಸಿಯಾಯಿತು. ನಿಮ್ಮಮ್ಮ ಬಹಳ ಇಳಿದುಹೋಗಿದ್ದಾರೆ. ಸರಿಯಾಗಿ ನೋಡಿಕೊಳ್ಳಮ್ಮ," ಎಂದಿತು.

"ಆಗಲಿ ಅಣ್ಣ," ಎಂದಿತು ಮಗಳು. ಮನೆಗೆ ಬಂದವರನ್ನು ಹಾಗೆಯೇ ಕಳಿಸುವುದುಂಟೇ ಎಂದು, ಬೆಳಗ್ಗೆ ಅವಸರದಲ್ಲಿ ಹೆಕ್ಕಿ ತಂದಿದ್ದ ಕಡಲೆಕಾಯಿಯನ್ನು ಅದರ ಮುಂದಿಟ್ಟಿತು. ಗಿಳಿ ಮಾತಾಡುತ್ತಾ ಅಷ್ಟನ್ನೂ ಮುಗಿಸಿ, "ಏನಾದರೂ ಬೇಕಿದ್ದರೆ ಸಂಕೋಚಪಡದೆ ಹೇಳು," ಎಂದು ಹಾರಿಹೋಯಿತು.

ಅರ್ಧ ದಾರಿಯಲ್ಲಿ ಇನ್ನೊಂದು ಔಷಧಿ ನೆನಪಾಗಿ ಹಿಂದಿರುಗಿ ಬಂದರೆ, ಮಗಳು ಅಳಿಲು ಗಿಳಿ ಉದುರಿಸಿದ್ದ ಸಿಪ್ಪೆಗಳನ್ನು ಒಂದೊಂದಾಗಿ ತಿರುವಿ, ಒಳಗೆ ಅಂಟಿದ್ದ ಚೂರುಗಳನ್ನು ಕೆರೆದು ತಿನ್ನುತ್ತಿತ್ತು.

ಗಿಳಿಯ ತಲೆ ತಗ್ಗಿತು. ಹೇಳಬಂದ ಔಷಧಿಯ ಹೆಸರನ್ನು ನುಂಗಿಕೊಂಡು, ಮೆಲ್ಲಗೆ ಕೇಳಿತು: "ಊಟ ಆಯಿತೇನಮ್ಮ?"

"ಆಗಲೇ ತಿನ್ನಿಸಿದೆ ಅಣ್ಣ. ಅಮ್ಮ ಈಗ ಮಲಗಿದ್ದಾಳೆ."

"ಅಮ್ಮನದಲ್ಲ. ನಿನ್ನದು?"

ಗಿಳಿ ಯಾರನ್ನು ಕೇಳುತ್ತಿದೆಯೋ ಎಂದು ಅಳಿಲು ತನ್ನ ಹಿಂದೆ ತಿರುಗಿ ನೋಡಿತು.