ಜಗುಲಿವರೆಗೆ ಬರುವ ವೈಫೈ

ಮಳವಳ್ಳಿಯಲ್ಲಿ ಚಿಕ್ಕೀರ ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಂಥ ಮಗ ಸಿಕ್ಕರೆ ಪುಣ್ಯ ಅಂತೀರಾ? ಅವನ ಅವ್ವ ಸಾಕವ್ವನನ್ನು ಕೇಳಿ ನೋಡಿ, ತಲೆ ಚಚ್ಚಿಕೊಳ್ಳುತ್ತಾಳೆ.

ಸಾಕವ್ವ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಡುಮನೆಯಲ್ಲಿ ಮಲಗಿದ್ದಳು. ಹಾಗಾಗಿ ತವರಲ್ಲಿ ಆಗಬೇಕಿದ್ದ ಮಗಳ ಹೆರಿಗೆ ಕನಕಪುರದ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಮಗು, ಮೊದಲ ಮೊಮ್ಮಗಳು. ಸಾಕವ್ವ ಇನ್ನೂ ಮುಖ ನೋಡಿಲ್ಲ. ಅದೊಂದೇ ಸಂಕಟ ಅವಳಿಗೆ. ನಾಮಕರಣದ ದಿನ ವಿಡಿಯೋದಲ್ಲಿ ತೋರಿಸ್ತೀನಿ ಅಂದಳು ಮಗಳು ಸುಕನ್ಯ. ಮನೆಯಲ್ಲಿ ನೆಟ್ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಇಂದ್ರಾಣಿ ಮಿಸ್ಸು ಪಾಪ ಅಂತ ಚಿಕ್ಕೀರನ ಫೋನಿಗೆ ತಮ್ಮ ವೈಫೈ ಹಾಕಿಕೊಟ್ಟರು.

"ನಮ್ಮನೆ ವೈಫೈ ನಿಮ್ಮ ಜಗುಲಿವರೆಗೂ ಬರುತ್ತೆ ಕಣೋ. ಒಳಗೆ ಬರಲ್ಲ," ಅಂದರು.

ಚಿಕ್ಕೀರ ಜಗುಲಿ ಗುಡಿಸಿದ. ಚಾಪೆ ಹಾಸಿದ. ಕಾಲಿಗೆ ಒಂದು ಚೊಂಬು ನೀರು, ಕುಡಿಯೋದಕ್ಕೆ ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು ಕೂತ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಯಾರೂ ಬರಲಿಲ್ಲ.

"ಅವ್ವಾ, ಆ ವೈಫೈನೋರು ನಮ್ಮನೆ ಒಳಕ್ಕೆ ಬರಾಕಿಲ್ವಂತೆ. ನಾವೇನು ಅಂದಿದ್ವವ್ವ ಅವರ್ಗೆ?"

"ಅಯ್ಯೋ ನನ್ನ ಕರ್ಮವೇ, ಅದು ನೆಂಟ್ರಲ್ಲ ಕಣ್ಲಾ. ಕಣ್ಣಿಗೆ ಕಾಣಾಕಿಲ್ಲ ಅದು. ಫೋನಲ್ಲಿ ಕಡ್ಡಿ ನೋಡ್ಬೇಕು. ಮೂರು ಕಡ್ಡಿ ಇದ್ರೆ ಬಂದದೆ ಅಂತ. ಕಡ್ಡಿ ಇಲ್ದಿದ್ರೆ ಕೂಸಿನ ಮುಖ ಕಾಣಾಕಿಲ್ಲ."

ಇಷ್ಟೇ ತಾನೆ? ಚಿಕ್ಕೀರ ಹಿತ್ತಿಲಿಗೆ ಹೋದ. ಮೂರು ಕಡ್ಡಿ ಸಾಲದೆ ಬಂದರೆ ಅಂತ ಕಡ್ಡಿ ಪೊರಕೆಯನ್ನೇ ಬಿಚ್ಚಿ, ಫೋನನ್ನು ನಡುವೆ ಇಟ್ಟು, ಸುತ್ತ ಹಗ್ಗ ಬಿಗಿದ. ನಾಮಕರಣದ ದಿನ ಬೆಳಿಗ್ಗೆ ಜಗುಲಿ ಮೂಲೆಯಲ್ಲಿದ್ದ ಪೊರಕೆ ಹಾಡತೊಡಗಿತು. ಹಗ್ಗ ಬಿಚ್ಚುವಷ್ಟರಲ್ಲಿ ಸುಮ್ಮನಾಯಿತು. ಪೊರಕೆಯನ್ನು ಅವ್ವನ ಮುಂದೆ ತಂದಿಟ್ಟ.

"ಏನ್ಲಾ ಇದು?"

"ಕಡ್ಡಿ ಕಣವ್ವ. ಒಂದು ಹಿಡಿ ಅವೆ."

"ನಿನ್ನ ಹೆತ್ತಿದ್ದಕ್ಕೆ ಇದೂ ನೋಡ್ಬೇಕಾಯ್ತು. ಪೊರಕೆ ತಕ್ಕೊಂಡು ಏನ್ಲಾ ಮಾಡ್ಲಿ? ಮುಖ ಕಾಣ್ಬೇಕು ಅಂದ್ರೆ ಹತ್ರಕ್ಕೆ ಹೋಗ್ಬೇಕು. ಎಷ್ಟು ಹತ್ರ ಹೋದ್ರೆ ಅಷ್ಟು ಚೆನ್ನಾಗಿ ಕಾಣ್ತದೆ. ಹೋಗು, ಸುಕನ್ಯ ಇನ್ನೊಂದು ಸಲ ಫೋನ್ ಮಾಡ್ತಾಳೆ."

ಚಿಕ್ಕೀರ ಹತ್ತಿರ ಹೋದ. ಜಗುಲಿ ಇಳಿದ, ಮಿಸ್ಸು ಮನೆ ಹೊಸ್ತಿಲು ದಾಟಿದ, ಗೋಡೆಯ ಮೇಲಿದ್ದ ವೈಫೈ ಡಬ್ಬಿಗೆ ಫೋನು ತಾಗಿಸಿಕೊಂಡು ನಿಂತ. ಕರೆ ಬಂತು. ತೊಟ್ಟಿಲು ಕಂಡಿತು, ಕೂಸು ಕಂಡಿತು, ಹೆಸರಿಟ್ಟಿದ್ದೂ ಕಂಡಿತು. ಎಲ್ಲ ಮುಗಿದ ಮೇಲೆ ಮನೆಗೆ ಬಂದ.

"ಎಷ್ಟು ಚೆಂದ ಅದೆ ಅವ್ವಾ ಕೂಸು. ಮೂಗು ಥೇಟ್ ನಿಂದೇ."

ಸಾಕವ್ವ ಅತ್ತೇಬಿಟ್ಟಳು. "ನೀನು ನೋಡ್ಬುಟ್ರೆ ನಾನು ನೋಡ್ದಂಗಾಯ್ತೇನ್ಲಾ ದಡ್ಡ ಮುಂಡೇದೇ? ಹತ್ರಕ್ಕೆ ಹೋಗೋನು ನನ್ನೂ ಹೊತ್ಕೊಂಡು ಹೋಗ್ಬೇಕಾಗಿತ್ತು."

ಅವ್ವ ಅತ್ತಿದ್ದು ಚಿಕ್ಕೀರನ ಕರುಳಿಗೆ ತಾಗಿತು. ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಮಿಸ್ಸು ಮನೆ ಬಂತು. ಮಿಸ್ಸು ಮನೆ ಹಿಂದಾಯಿತು.

"ದಾಟ್ಬುಟ್ಯಲ್ಲೋ, ಎಲ್ಲಿಗ್ಲಾ?"

"ಹತ್ರಕ್ಕೆ ಕಣವ್ವ."

ನೇರ ಬಸ್ ಸ್ಟ್ಯಾಂಡು, ಅಲ್ಲಿಂದ ಕನಕಪುರದ ಬಸ್ಸು. ಹಲಗೂರಿನವರೆಗೂ ಸಾಕವ್ವ ಬೈದಳು. ಸಾತನೂರು ಬರುವಷ್ಟರಲ್ಲಿ ಸುಮ್ಮನಾಗಿ ಸೆರಗು ಸರಿಮಾಡಿಕೊಂಡಳು.

ಸುಕನ್ಯ ಬಾಗಿಲು ತೆಗೆದವಳು ಹಾಗೇ ನಿಂತಳು. ಚಿಕ್ಕೀರ ಅವ್ವನನ್ನು ತೊಟ್ಟಿಲ ಪಕ್ಕ ಕೂರಿಸಿದ. ಕೂಸು ಅಜ್ಜಿಯ ಬೆರಳು ಹಿಡಿದುಕೊಂಡಿತು. ಸಾಕವ್ವ ಅದರ ಕೆನ್ನೆ ಸವರಿದಳು. ಹುಟ್ಟಿದಾಗಿನಿಂದ ಈ ಮಗ ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅಂದುಕೊಂಡಳು.

"ಕಾಣ್ತಾ ಅದಾ ಅವ್ವಾ?"

"ಕಾಣ್ತಾ ಅದೆ ಕಣಪ್ಪ."

ಅಷ್ಟರಲ್ಲಿ ಕೂಸು ಅತ್ತಿತು.

"ಕೇಳ್ತಾ ಅದಾ?"

"ಕೇಳ್ತಾ ಅದೆ ನನ್ನಪ್ಪ, ಚೆನ್ನಾಗಿ ಕೇಳ್ತಾ ಅದೆ."

"ಹಂಗಾರೆ ಕಟ್ ಮಾಡ್ತೀನಿ," ಅಂದ ಚಿಕ್ಕೀರ. ಅವ್ವನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು, ಸುಕನ್ಯಳ ಮುಖದ ಮೇಲೆ ಬಾಗಿಲು ಎಳೆದು, ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ.