ಮಂಚಯ್ಯ ಇಸ್ಪೀಟು ಕಲಸಿದ್ದು

ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿ. ನಗು ಬಂದರೆ ನಗಬಹುದು. ಆದರೆ "ಆಮೇಲೆ? ಆಮೇಲೆ?" ಎಂದು ನಡುವೆ ಬಾಯಿ ಹಾಕಕೂಡದು.

ಹುಲ್ಲೇನಹಳ್ಳಿಯಲ್ಲಿ ಜವರಮ್ಮ ಎಂಬ ವಿಧವೆ ಇದ್ದಳು. ಅವಳಿಗೆ ಮಂಚಯ್ಯ ಒಬ್ಬನೇ ಮಗ. ಆಳು ನಿಂತರೆ ಬಾಗಿಲು ತುಂಬುತ್ತಿತ್ತು. ತಲೆಯೊಳಗೆ ಮಾತ್ರ ಗಾಳಿ ಬೆಳಕು ಧಾರಾಳ. "ಹಾಲು ಉಕ್ಕೋದನ್ನ ನೋಡ್ತಿರು" ಎಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಾ ನಿಲ್ಲುವವನು. "ನೋಡ್ದೆ ಕಣಮ್ಮ, ಬಾಳ ಚೆನ್ನಾಗಿ ಉಕ್ತು" ಎನ್ನುವವನು.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಜವರಮ್ಮನಿಗೆ ಅದೊಂದೇ ಕೊರಗು.

ಅದೇ ಊರಿನ ಮರೀಗೌಡರಿಗೆ ಇಸ್ಪೀಟಿನ ಹುಚ್ಚು. ಊಟ ಬಿಟ್ಟಾರು, ಎಲೆ ಬಿಡರು. ಮಂಚಯ್ಯನ ಅಪ್ಪ ಬದುಕಿದ್ದಾಗ ಸಂತೆಯಲ್ಲಿ ಇಸ್ಪೀಟಿನ ಚಮತ್ಕಾರ ತೋರಿಸುತ್ತಿದ್ದ. ಅದರಲ್ಲಿ ಒಂದನ್ನು ಗೌಡರು ಎಷ್ಟು ಕಣ್ಣು ಕೀಲಿಸಿ ನೋಡಿದರೂ ಹಿಡಿಯಲಾಗಿರಲಿಲ್ಲ. ಗುಟ್ಟು ಹೇಳದೆ ಸತ್ತದ್ದಕ್ಕೆ ಆ ಮನುಷ್ಯನನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ.

ಒಂದು ದಿನ ಗೌಡರೇ ಬಂದು ಹೇಳಿದರು: "ಜವರಮ್ಮ, ನಿನ್ನ ಮಗ ಆ ಆಟ ನನ್ನ ಮುಂದೆ ತೋರಿಸ್ಲಿ. ನಾನು ಗುಟ್ಟು ಹಿಡಿದ್ರೆ ಅವನು ಮನೆಗೆ ಹೋಗ್ಲಿ. ಹಿಡೀಲಿಲ್ಲ ಅಂದ್ರೆ ನನ್ನ ಮಗಳು ಮಾದೇವಿ ಅವನಿಗೆ. ಹಬ್ಬ ಕಳೀಲಿ, ಕರ್ಕೊಂಡು ಬಾ."

ಜವರಮ್ಮ ಮಗನನ್ನು ಕೂರಿಸಿಕೊಂಡು ಗಂಡ ಕಲಿಸಿದ್ದನ್ನು ಕಲಿಸಿದಳು.

"ನೋಡೋ ಮಂಚ, ಇದರಲ್ಲಿ ಮಂತ್ರ ಇಲ್ಲ, ಲೆಕ್ಕ ಇದೆ. ಕೆಂಪು ಎಲೆ ಮೇಲೆ ಕಪ್ಪು, ಕಪ್ಪು ಮೇಲೆ ಕೆಂಪು, ಹಿಂಗೆ ಇಡೀ ಕಟ್ಟು ಜೋಡಿಸು. ಅದನ್ನ ಎರಡು ಪಾಲು ಮಾಡು. ಒಂದರ ಅಡೀಲಿ ಕೆಂಪು ಇದ್ರೆ ಇನ್ನೊಂದರ ಅಡೀಲಿ ಕಪ್ಪು ಇರಬೇಕು. ಆಮೇಲೆ ಎರಡರ ಅಂಚನ್ನೂ ಹೆಬ್ಬೆರಳಲ್ಲಿ ಬಿರ್ರನೆ ಬಿಟ್ಟು ಒಂದರೊಳಗೊಂದು ಕಲಸು. ಎಲೆ ಹೆಂಗೆ ಬೇಕಾದ್ರೂ ಬೀಳ್ಲಿ! ಮೇಲಿಂದ ಎರಡೆರಡೇ ತೆಗಿ. ಪ್ರತಿ ಜೋಡೀಲೂ ಒಂದು ಕೆಂಪು, ಒಂದು ಕಪ್ಪು!"

ಮಂಚಯ್ಯ ಮಾಡಿದ. ಒಂದು ಕೆಂಪು, ಒಂದು ಕಪ್ಪು. ಒಂದು ಕೆಂಪು, ಒಂದು ಕಪ್ಪು. ಕೊನೆಯ ಜೋಡಿಯವರೆಗೂ ತಪ್ಪಲಿಲ್ಲ. ಈ ಆಟಕ್ಕೆ ಬುದ್ಧಿ ಬೇಡ, ಲೆಕ್ಕ ತಾನಾಗಿಯೇ ದುಡಿಯುತ್ತದೆ. ಜವರಮ್ಮನಿಗೆ ಮಗನ ಮೇಲೆ ಭರವಸೆ ಹುಟ್ಟಿದ್ದೂ ಅದಕ್ಕೇ.

"ಗೌಡ್ರ ಮುಂದೆ ಹೋಗೋ ಮೊದ್ಲು ನಾಲ್ಕು ಜನದ ಮುಂದೆ ಕೈ ಪಳಗಲಿ. ಹೋಗು, ಕ್ಷೌರದಂಗಡೀಲಿ ತೋರಿಸಿ ಬಾ."

ಮಂಚಯ್ಯ ಕ್ಷೌರದಂಗಡಿಗೆ ಹೋದ. ಬೆಂಚಿನ ಮೇಲೆ ಎಲೆಗಳನ್ನು ಮುಖ ಮೇಲೆ ಮಾಡಿ ಹರಡಿದ. ಒಂದೊಂದೇ ಹುಡುಕಿ ಜೋಡಿಸತೊಡಗಿದ.

"ಏನೋ ಮಾಡ್ತಿದ್ದೀಯ?" ಎಂದ ಕ್ಷೌರಿಕ.

"ನಿಮಗೆ ಗೊತ್ತಾಗದ ಹಂಗೆ ಜೋಡಿಸ್ತಿದ್ದೀನಿ ಅಣ್ಣ. ಆ ಕಪ್ಪು ಎಲೆ ಇತ್ಲಾಗೆ ಕೊಡು."

ಅಂಗಡಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಮೀಸೆ ತಿದ್ದಿಸಿಕೊಳ್ಳುತ್ತಿದ್ದವನು ನಕ್ಕು ಅರ್ಧ ಮೀಸೆ ಕಳೆದುಕೊಂಡ.

"ಅಯ್ಯೋ ಪೆದ್ದೇ!" ಎಂದು ಜವರಮ್ಮ ಹಣೆ ಚಚ್ಚಿಕೊಂಡಳು. "ಜೋಡಿಸೋದನ್ನ ಯಾರಾದ್ರೂ ತೋರಿಸ್ತಾರೇನೋ? ಯಾರೂ ಇರಬಾರ್ದು. ಬಾಗಿಲು ಹಾಕ್ಕೊಂಡು ಮಾಡ್ಬೇಕು!"

"ಅಷ್ಟೇ ತಾನೆ? ಹಾಕ್ಕೋತೀನಿ ಬಿಡಮ್ಮ."

ಮಾರನೆಯ ದಿನ ಮೇಷ್ಟ್ರ ಮನೆಗೆ ಕಳಿಸಿದಳು. ಮೇಷ್ಟ್ರು, ಅವರ ಹೆಂಡತಿ, ಅವರತ್ತೆ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕಾದಿದ್ದರು. ಮಂಚಯ್ಯ ಬಂದವನೇ, "ಏಳಿ, ಎಲ್ಲರೂ ಏಳಿ, ಹೊರಗೆ ನಡೀರಿ" ಎಂದ.

"ಇದು ನಮ್ಮ ಮನೆ ಕಣಪ್ಪಾ!"

"ಇರ್ಲಿ, ನಡೀರಿ."

ಮೂವರನ್ನೂ ಬೀದಿಗೆ ದಬ್ಬಿ ಅಗುಳಿ ಹಾಕಿಕೊಂಡ. ಒಬ್ಬನೇ ಜೋಡಿಸಿದ, ಒಬ್ಬನೇ ಕಲಸಿದ, ಒಬ್ಬನೇ ಜೋಡಿ ಜೋಡಿ ತೆಗೆದ. ಒಳಗೆ ಒಲೆಯ ಮೇಲೆ ಅನ್ನ ಸೀದು ಇದ್ದಿಲಾಯಿತು. ಹೊರಗೆ ಮೇಷ್ಟ್ರ ಅತ್ತೆ ಬಾಗಿಲು ಬಡಿದು ಬಡಿದು ಸುಸ್ತಾದರು. ಕೊನೆಗೆ ಬಾಗಿಲು ತೆರೆದು ಮಂಚಯ್ಯ ಹೇಳಿದ: "ಮುಗೀತು. ಒಂದೂ ತಪ್ಪಲಿಲ್ಲ. ಈಗ ಚಪ್ಪಾಳೆ ತಟ್ಟಿ!"

ಅತ್ತೆ ತಟ್ಟಿದರು. ಚಪ್ಪಾಳೆಯನ್ನಲ್ಲ, ಅವನ ಬೆನ್ನನ್ನು.

"ನಿನ್ನ ಬುದ್ಧಿಗಿಷ್ಟು!" ಎಂದಳು ಜವರಮ್ಮ. "ಮನೇಲೇ ಜೋಡಿಸ್ಕೊಂಡು ಹೋಗು. ಅಲ್ಲಿ ಎರಡು ಪಾಲು ಮಾಡಿ ಅವರ ಕೈಗೇ ಕೊಡು, ಅವರೇ ಕಲಸ್ಲಿ. ಆದ್ರೆ ಕೊಡೋ ಮುಂಚೆ ಎರಡರ ಅಡೀನೂ ನೋಡು. ಅಡಿ ನೋಡದೆ ಏನನ್ನೂ ಯಾರ ಕೈಗೂ ಕೊಡಬೇಡ!"

"ಅಷ್ಟೇ ತಾನೆ? ನೋಡ್ತೀನಿ ಬಿಡಮ್ಮ."

ಹಬ್ಬ ಬಂತು. ಬೀಗರಾಗುವವರ ಮನೆ, ಸುಮ್ಮನಿರುವುದುಂಟೆ? ಜವರಮ್ಮ ಒಂದು ಪಾತ್ರೆಯಲ್ಲಿ ಪಾಯಸ, ಇನ್ನೊಂದರಲ್ಲಿ ಮಜ್ಜಿಗೆಹುಳಿ ತುಂಬಿ ಮಗನ ಕೈಲಿ ಗೌಡರ ಮನೆಗೆ ಕಳಿಸಿದಳು. ಗೌಡರ ಹೆಂಡತಿ ನಗುನಗುತ್ತಾ ಕೈ ಚಾಚಿದರು.

"ತಡೀರಮ್ಮ, ಅಡಿ ನೋಡ್ಬೇಕು" ಎಂದ ಮಂಚಯ್ಯ. ಪಾಯಸದ ಪಾತ್ರೆಯನ್ನು ಬೋರಲು ಹಾಕಿದ. ಮಜ್ಜಿಗೆಹುಳಿಯನ್ನೂ ಬೋರಲು ಹಾಕಿದ. ಎರಡೂ ಹಜಾರದ ತುಂಬಾ ಹರಿದವು. ಗೌಡರ ಹೆಂಡತಿಯ ಹೊಸ ಸೀರೆಗೂ ಹಬ್ಬದ ಊಟವಾಯಿತು.

"ಛೆ! ಇದರ ಅಡೀನೂ ಕಪ್ಪು, ಅದರ ಅಡೀನೂ ಕಪ್ಪು. ಸರಿಯಾಗಿಲ್ಲ, ಕೊಡೋಕಾಗಲ್ಲ" ಎಂದು ಖಾಲಿ ಪಾತ್ರೆಗಳನ್ನು ಎತ್ತಿಕೊಂಡು ಮನೆಗೆ ಬಂದ.

"ಮಸಿ ಕಣೋ ಅದು, ಮಸಿ!" ಜವರಮ್ಮ ಸೌಟು ಎತ್ತಿಕೊಂಡು ಬೆನ್ನಟ್ಟಿದಳು. "ಅಡುಗೆ ಪಾತ್ರೆ ಅಡಿ ಕಪ್ಪಗಿರದೆ ಕೆಂಪಗಿರತ್ತಾ? ಇನ್ಮೇಲೆ ಅಡಿ ಗಿಡಿ ನೋಡಿ ನನ್ನ ಮಾನ ಕಳೀಬೇಡ. ಜೋಡಿ ನೋಡು! ಜೋಡೀಲಿ ಒಂದು ಕೆಂಪು, ಒಂದು ಕಪ್ಪು ಇದ್ರೆ ಮುಗೀತು!"

"ಅಷ್ಟೇ ತಾನೆ? ಜೋಡಿ ನೋಡ್ತೀನಿ ಬಿಡಮ್ಮ."

ಅಂದು ಸಂಜೆ ಭಜನೆಮನೆಯಲ್ಲಿ ಊರೆಲ್ಲ ಸೇರಿತ್ತು. ಹೊರಗೆ ಜಗಲಿಯ ತುಂಬ ಚಪ್ಪಲಿ. ಮಂಚಯ್ಯ ಬಗ್ಗಿ ನೋಡಿದ. ಒಂದು ಜೋಡಿ ಎರಡೂ ಕೆಂಪು. ಇನ್ನೊಂದು ಜೋಡಿ ಎರಡೂ ಕಪ್ಪು. ಅವನಿಗೆ ತಡೆಯಲಾಗಲಿಲ್ಲ. ಒಳಗೆ ಮಂಗಳಾರತಿ ಮುಗಿಯುವಷ್ಟರಲ್ಲಿ ಜಗಲಿಯ ಚಪ್ಪಲಿಗಳೆಲ್ಲ ಸಾಲಾಗಿ ನಿಂತಿದ್ದವು. ಒಂದು ಕೆಂಪು, ಒಂದು ಕಪ್ಪು. ಒಂದು ಕೆಂಪು, ಒಂದು ಕಪ್ಪು.

ಭಕ್ತರು ಹೊರಗೆ ಬಂದರು. ಭಕ್ತಿ ಅಲ್ಲಿಗೆ ಮುಗಿಯಿತು.

"ನನ್ನ ಚಪ್ಪಲಿ ಬಿಡಯ್ಯ!"

"ನಿಂದೆಲ್ಲಿ ಬಂತು? ಇದು ನಮ್ಮತ್ತೇದು!"

"ನಿಮ್ಮತ್ತೆ ಕಾಲು ಇಷ್ಟುದ್ದವಾ?"

ಮರೀಗೌಡರು ಗುಡುಗಿದರು: "ಯಾವನು ಮಾಡಿದ್ದು ಇದು?"

"ನಾನೇ ಗೌಡ್ರೇ" ಎಂದು ಮಂಚಯ್ಯ ಮುಂದೆ ಬಂದ. "ಎಲ್ಲಾ ತಪ್ಪು ತಪ್ಪಾಗಿತ್ತು, ಸರಿ ಮಾಡ್ದೆ."

ಗೌಡರು ಮಗಳ ಕಡೆ ತಿರುಗಿದರು. "ನೋಡಿದ್ಯಾ ಮಾದೇವಿ, ಇಂಥ ಕತ್ತೆಗೆ ಕೊಡ್ಬೇಕಾ ನಿನ್ನ? ಬೇಡ ಅನ್ನು, ಮಾತು ವಾಪಸ್ ತಗೋತೀನಿ."

ಮಾದೇವಿ ಒಂದು ಕಾಲಿಗೆ ಕೆಂಪು, ಒಂದು ಕಾಲಿಗೆ ಕಪ್ಪು ಚಪ್ಪಲಿ ಮೆಟ್ಟಿ ನಿಂತು ನಗುತ್ತಿದ್ದಳು. "ಇರ್ಲಿ ಬಿಡಪ್ಪ. ಸುಳ್ಳು ಹೇಳೋಕೂ ಸ್ವಲ್ಪ ಬುದ್ಧಿ ಬೇಕು. ಇವನಿಗೆ ಅದೂ ಇಲ್ಲ. ನಿನ್ನ ಇಸ್ಪೀಟು ಗೆಳೆಯರ ಮಕ್ಕಳಿಗಿಂತ ಇವನೇ ವಾಸಿ."

ಈ ಮಾತು ಕೇಳಿದ ಮೇಲೆ ಜವರಮ್ಮನಿಗೆ ಜೀವ ಇನ್ನೂ ಹೆಚ್ಚು ಕುದಿಯಿತು. ಹುಡುಗಿ ಒಪ್ಪಿದ್ದಾಳೆ, ಕೆಡಿಸುವವನು ಮಗನೊಬ್ಬನೇ! "ಲೋ, ನಾಳೆ ಗೌಡ್ರ ಮನೇಲಿ ಇಸ್ಪೀಟೆಲೆ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡ! ಅಡಿ ನೋಡೋದೂ ಎಲೆಗಳದ್ದು ಮಾತ್ರ! ಗೌಡ್ರು ಏನು ಹೇಳ್ತಾರೋ ಅದನ್ನ ಮಾಡು!"

"ಅಷ್ಟೇ ತಾನೆ? ಮಾಡ್ತೀನಿ ಬಿಡಮ್ಮ."

ಮಾರನೆಯ ದಿನ ತಾಯಿ ಮಗ ಗೌಡರ ಮನೆಗೆ ಹೋದರು. ಮಾದೇವಿ ಕಾಫಿ ತಂದಳು. ಮಂಚಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಮುಟ್ಟಬಾರ್ದಂತೆ" ಎಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮಂಚಯ್ಯ ಮನೆಯಲ್ಲೇ ಜೋಡಿಸಿ ತಂದಿದ್ದ ಕಟ್ಟನ್ನು ಎರಡು ಪಾಲು ಮಾಡಿ, ಅಡಿಗಳನ್ನು ಮೆಲ್ಲನೆ ನೋಡಿಕೊಂಡು, ಗೌಡರ ಕೈಗೆ ಕೊಟ್ಟ. ಗೌಡರು ಬಿರ್ರನೆ ಕಲಸಿದರು. ಆಮೇಲೆ ಅವನ ತೋಳು ನೋಡಿದರು, ಬೆರಳು ನೋಡಿದರು, ಕೈಚಳಕ ಹುಡುಕಿದರು. ಮಂಚಯ್ಯನ ಕೈಯಲ್ಲಿ ಚಳಕ ಎಲ್ಲಿಂದ ಬರಬೇಕು? ಅವನು ಎರಡೆರಡೇ ತೆಗೆದಿಟ್ಟ. ಒಂದು ಕೆಂಪು, ಒಂದು ಕಪ್ಪು. ಕೊನೆಯವರೆಗೂ ಒಂದು ಕೆಂಪು, ಒಂದು ಕಪ್ಪು.

"ನಾನೇ ಕಲಸಿದ್ದು!" ಗೌಡರು ಬೆವರಿದರು. "ಇನ್ನೊಂದ್ಸಲ ಮಾಡು!"

ಗೌಡರು ಹೇಳಿದ್ದನ್ನು ಮಾಡಬೇಕಲ್ಲ? ಅದೇ ಎಲೆಗಳನ್ನು ಗುಡ್ಡೆ ಹಾಕಿ ಹಾಗೆಯೇ ಕೊಟ್ಟ. ಗೌಡರು ಕಲಸಿದರು. ಎರಡು ಕೆಂಪು ಬಂತು. ಎರಡು ಕಪ್ಪು ಬಂತು. ಜವರಮ್ಮ ಕಂಬ ಹಿಡಿದುಕೊಂಡಳು.

"ಹಿಡಿದೆ!" ಎಂದು ಗೌಡರು ತೊಡೆ ತಟ್ಟಿದರು.

"ಏನು ಹಿಡಿದ್ಯಪ್ಪ?" ಮಾದೇವಿ ಬಾಗಿಲಿಂದಲೇ ಕೇಳಿದಳು. "ತಪ್ಪಿದ್ದು ನಮಗೂ ಗೊತ್ತಾಯ್ತು. ಮೊದಲು ಹೆಂಗೆ ಸರಿ ಬಂತು, ಅದನ್ನ ಹೇಳಪ್ಪ."

ಗೌಡರಿಗೆ ಗೊತ್ತಿದ್ದರೆ ತಾನೆ ಹೇಳುವುದು? ಕೊಟ್ಟ ಮಾತಿಗೆ ತಲೆಬಾಗಿ ಲಗ್ನ ಗೊತ್ತುಮಾಡಿದರು.

ದಾರಿಯುದ್ದಕ್ಕೂ ಜವರಮ್ಮ ಬೈದಳು. "ಒಂದ್ಸಲ ಕಲಸಿದ ಮೇಲೆ ಆ ಸಾಲು ಕೆಟ್ಟಂಗೆ ಕಣೋ! ಇನ್ನೊಂದು ಅಂತ ಯಾರೇ ಕೇಳ್ಲಿ, ದೇವರೇ ಬಂದು ಕೇಳ್ಲಿ, ಮಾಡಕೂಡದು! ಎತ್ತಿ ಜೇಬಿಗೆ ಹಾಕು, ಎದ್ದು ಮನೆಗೆ ಬಾ!"

"ಅಷ್ಟೇ ತಾನೆ? ಬರ್ತೀನಿ ಬಿಡಮ್ಮ."

ಮದುವೆಯ ದಿನ ಬಂತು. ಗೌಡರ ಮನೆ ಮುಂದೆ ಚಪ್ಪರ, ವಾಲಗ. ತಟ್ಟೆಯಲ್ಲಿ ತೆಂಗಿನಕಾಯಿ, ಕಾಯಿಗೆ ಸುತ್ತಿದ ತಾಳಿ. ಹಿರಿಯರೆಲ್ಲ ಮುಟ್ಟಿ ಹರಸಿದರು. ಪುರೋಹಿತರು ಕಾಯಿಯಿಂದ ತಾಳಿ ಬಿಡಿಸಿ ಮಂಚಯ್ಯನ ಕೈಗೆ ಕೊಟ್ಟರು. ಗಟ್ಟಿಮೇಳ ಮೊಳಗಿತು. ಮಂಚಯ್ಯ ಮಾದೇವಿಯ ಕೊರಳಿಗೆ ಅಚ್ಚುಕಟ್ಟಾಗಿ ಒಂದು ಗಂಟು ಹಾಕಿದ.

"ಹ್ಞಾಂ, ಇನ್ನೊಂದು" ಎಂದರು ಪುರೋಹಿತರು.

ಮಂಚಯ್ಯ ಅವರ ಮುಖ ನೋಡಿದ. "ಇನ್ನೊಂದಾ?"

"ಇನ್ನೊಂದಪ್ಪಾ, ಬೇಗ!"

ಮಂಚಯ್ಯ ಹಾಕಿದ ಗಂಟು ಬಿಚ್ಚಿದ. ತಾಳಿಯನ್ನು ಜುಬ್ಬದ ಜೇಬಿಗೆ ಹಾಕಿದ. ಎದ್ದ. ಮನೆಯ ದಾರಿ ಹಿಡಿದ. ವಾಲಗದವರು ಏನಾಯಿತೆಂದು ತಿಳಿಯದೆ ಇನ್ನೂ ಜೋರಾಗಿ ಊದಿದರು.

ಜವರಮ್ಮ ಬೀದಿಯಲ್ಲಿ ಓಡಿಹೋಗಿ ಮಗನ ಜುಬ್ಬ ಹಿಡಿದಳು. "ಲೋ ಹಾಳಾದವನೇ! ಮುಹೂರ್ತ ಮೀರ್ತಿದೆ! ಓಡು, ಆ ತಾಳಿ ಮೊದಲು ಎಲ್ಲಿತ್ತೋ ಅಲ್ಲಿಗೇ ಕಟ್ಟು! ಮೂರು ಗಂಟು ಹಾಕು! ಯಾರು ಏನಂದ್ರೂ ಕೈ ಬಿಡಬೇಡ!"

"ಅಷ್ಟೇ ತಾನೆ?"

ಮಂಚಯ್ಯ ಓಡಿದ, ಹಿಂದೆಯೇ ಜವರಮ್ಮನೂ. ಹಸೆಮಣೆ ಹತ್ತಿದ. ಮಾದೇವಿ ತಲೆ ಬಾಗಿಸಿದಳು. ಅವನು ಅವಳನ್ನು ದಾಟಿ ತಟ್ಟೆಯ ಮುಂದೆ ಮಂಡಿಯೂರಿ ತೆಂಗಿನಕಾಯಿಗೆ ತಾಳಿ ಕಟ್ಟಿದ. ಒಂದು ಗಂಟು, ಎರಡು ಗಂಟು, ಮೂರು ಗಂಟು. ಜನ ಅಭ್ಯಾಸಬಲದಿಂದ ಅಕ್ಷತೆ ಎರಚಿಬಿಟ್ಟರು.

ಗೌಡರು ಕುರ್ಚಿಯಲ್ಲಿ ಕುಸಿದರು.

ಮಾದೇವಿ ಮಾತ್ರ ಬಾಸಿಂಗ ಸರಿಮಾಡಿಕೊಂಡು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅತ್ತೆ, ಒಂದು ಕತ್ತಿ ಕೊಡಿ. ಈ ಸವತಿಯನ್ನ ಒಡೆದು ಚಟ್ನಿ ಅರೆದುಬಿಡ್ತೀನಿ. ಆಮೇಲೆ ನನಗೆ ಕಟ್ಲಿ, ಮುಹೂರ್ತ ಇನ್ನೂ ಇದೆ."

ಮಂಚಯ್ಯ ಕಾಯಿಯನ್ನು ಎದೆಗವಚಿಕೊಂಡು ಚಪ್ಪರದಿಂದಾಚೆ ಹಾರಿದ.

"ಅಮ್ಮಾ! ಬೇಗ ಬಾರಮ್ಮಾ! ಇವಳು ಯಾರೋ ನನ್ನ ಹೆಂಡ್ತೀನ ಒಡೀತಾಳಂತೆ!"