ಹದ್ದಿಗೆ ಬೇಕಾದ ಒಂದು ಅಂಕ

ಮರದ ಮೇಲೆ ಕೂತಲ್ಲಿಂದಲೇ ಕೋಳಿಮರಿ ಎತ್ತಿಕೊಳ್ಳಬಹುದೆಂದು ಹದ್ದೊಂದು ಡ್ರೋನ್ ಪೈಲಟ್ ಪರೀಕ್ಷೆ ಬರೆಯಿತು. ಪರೀಕ್ಷಕಿ ಆರು ಮರಿಗಳ ತಾಯಿ ಹೇಂಟೆ. ಪಾಸಾಗಲು ಎಪ್ಪತ್ತು ಅಂಕ ಬೇಕು, ಬಂದದ್ದು ಅರವತ್ತೊಂಬತ್ತು.

"ಪ್ರಶ್ನೆ ಬಹಳ ಕಷ್ಟವಮ್ಮ," ಎಂದಿತು ಹದ್ದು.

"ಒಂದೇ ಅಂಕ ತಾನೇ, ಹದ್ದಪ್ಪ? ಇಷ್ಟು ಹತ್ತಿರ ಬಂದು ಕೈಬಿಡುತ್ತಾರೆಯೇ? ಕೂತು ಓದು," ಎಂದಿತು ಹೇಂಟೆ.

ಹದ್ದು ಬೇಟೆ ಬಿಟ್ಟು ಓದಿತು. ಮತ್ತೆ ಅರವತ್ತೊಂಬತ್ತು. ಇನ್ನೂ ಓದಿತು, ಅದೇ ಅರವತ್ತೊಂಬತ್ತು. ನಾನಾಗ ಊರಲ್ಲಿರಲಿಲ್ಲ, ಆದರೂ ಕಣ್ಣಾರೆ ಕಂಡೆ.

ಕೆಲವು ತಿಂಗಳಾದ ಮೇಲೆ ನೂರಕ್ಕೆ ನೂರು ಬಂತು.

"ಈ ಸಲ ಪ್ರಶ್ನೆ ತೀರಾ ಸುಲಭವಿತ್ತಲ್ಲಮ್ಮ?"

"ಇನ್ನು ಕಷ್ಟ ಕೊಡುವ ಅಗತ್ಯವಿಲ್ಲ," ಎಂದ ಹೇಂಟೆ ತನ್ನ ಮರಿಗಳನ್ನು ಕರೆಯಿತು. ಹದ್ದಿನ ಲೈಸೆನ್ಸು ಹಿಡಿದು ಬಂದದ್ದು ಆರು ದಪ್ಪ ಹುಂಜಗಳು. ಯಾವ ಡ್ರೋನೂ ಅವನ್ನು ಎತ್ತುವಂತಿರಲಿಲ್ಲ.